ತಂತಿ ಕಳ್ಳರೂ ನಮ್ಮ ಮನೆಯ ಹಸುವೂ

ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹಳೇ ಕಥೆ ಇದೆ. ಆರೇಳು ತಲೆಮಾರಿನ ಹಿಂದೆ ನಮ್ಮ ಹಿರಿಯರೊಬ್ಬರು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಸು ಕೊಂಡು, ಅದರ ಹಗ್ಗ ಹಿಡಿದು ಮುಳಬಾಗಿಲ ಕಡೆ ನಡೆದು ಬರುತ್ತಿದ್ದರಂತೆ. ದಾರಿಯಲ್ಲಿ ನಾಲ್ಕೈದು ಜನ ಜೊತೆಯಾದರು. ಒಟ್ಟಿಗೆ ನಡೆದರು, ಒಟ್ಟಿಗೆ ಬುತ್ತಿ ಬಿಚ್ಚಿದರು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಒಬ್ಬರೂ ಇಲ್ಲ! ಅವರೆಲ್ಲ ಠಕ್ಕರು, ಅಂದರೆ ದಾರಿಹೋಕರ ಜೊತೆ ಸೇರಿ ನಂಬಿಸಿ, ಕತ್ತು ಬಿಗಿದು ಕೊಂದು ದೋಚುತ್ತಿದ್ದವರು, ಅದರಲ್ಲೂ ಅವರ ನಾಯಕ ಬೆಹ್ರಾಮನ ಗುಂಪಿನವರು ಅಂತ ನಮ್ಮ ದೊಡ್ಡಪ್ಪ ಎದೆಯುಬ್ಬಿಸಿ ಹೇಳುತ್ತಿದ್ದರು.

ಬೆಹ್ರಾಮ್ ಅಂದರೆ 931 ಕೊಲೆ ಮಾಡಿದವನು ಅಂತ ಲೋಕವೆಲ್ಲ ಹೇಳುತ್ತದೆ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಪ್ಯಾಟನ್ ಬರೆದಿಟ್ಟ ಹೇಳಿಕೆಯಲ್ಲಿ, ತನ್ನ ಕೈಯಾರೆ ಕತ್ತು ಬಿಗಿದದ್ದು ಸುಮಾರು 125 ಜನರದ್ದು ಅಂತ ಅವನೇ ಹೇಳಿದ್ದಾನೆ. ಅದೇನು ಕಡಿಮೆಯಾ, ಬಿಡಿ. ನಮಗೆ ಬೇಕಾದದ್ದು ಬೇರೆ: ಅವನು ಓಡಾಡಿದ್ದು ಉತ್ತರದ ಅವಧ್ ಸೀಮೆಯಲ್ಲಿ. ಅವನಿಗೆ ಮುಳಬಾಗಿಲ ದಾರಿಯಲ್ಲಿ ಏನು ಕೆಲಸ?

ಹಾಗಾದರೆ ಕಥೆಯೆಲ್ಲ ಸುಳ್ಳಾ ಅಂದುಕೊಂಡೆ. ಆಗ ಅಜ್ಜಿ ನೆನಪಾದಳು. ಅಜ್ಜಿ ಯಾವತ್ತೂ ಬೆಹ್ರಾಮ್ ಅಂದವಳೇ ಅಲ್ಲ. ಅವಳು ಹೇಳುತ್ತಿದ್ದದ್ದು 'ತಂತಿ ಕಳ್ರು' ಅಂತ. ನಾವು ಅದನ್ನು ಕರೆಂಟ್ ತಂತಿ ಕದಿಯುವವರು ಅಂದುಕೊಂಡು ನಗುತ್ತಿದ್ದೆವು. ನೋಡಿದರೆ ಮದರಾಸಿನ ವೈದ್ಯ ಶೆರ್‌ವುಡ್ 1816ರಲ್ಲಿ ಈ ಕೊಲೆಗಾರರ ಬಗ್ಗೆ ಬರೆದ ಲೇಖನದಲ್ಲಿ, ಕನ್ನಡದವರು ಇವರನ್ನು ಕರೆಯುವ ಹೆಸರು 'ತಂತಿ ಕಳ್ಳರು' ಅಂತಲೇ ಇದೆ! ತಂತಿಯ ಕುಣಿಕೆ ಹಾಕಿ ಕತ್ತು ಬಿಗಿಯುವವರು ಅಂತ ಅರ್ಥ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೇ ಬೆಂಗಳೂರಿನ ಆಸುಪಾಸಿನಲ್ಲಿ ಇಂಥವರು ನೂರರಷ್ಟು ಜನ ಸಿಕ್ಕಿಬಿದ್ದಿದ್ದರು. ಚಿತ್ತೂರಿನ ಕಡೆಯೂ ಇದ್ದರು. ಮುಳಬಾಗಿಲು ಇವೆರಡರ ನಡುವೆಯೇ ಅಲ್ವಾ?

ಇನ್ನು ಹಸು. ಕಥೆಯಲ್ಲಿ ಒಂದು ತಮಾಷೆಯ ಭಾಗವಿದೆ. ಆ ದಾರಿಹೋಕರು ಹಸುವನ್ನು ನಮಗೆ ಕೊಡಿ, ಎರಡರಷ್ಟು ದುಡ್ಡು ಕೊಡುತ್ತೇವೆ ಅಂತ ಎರಡು ದಿನ ಗೋಗರೆದರಂತೆ, ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲವಂತೆ. ನಮ್ಮ ಮನೆಯವರ ಹಟಕ್ಕೆ ಉದಾಹರಣೆಯಾಗಿ ಅಜ್ಜಿ ಇದನ್ನು ಹೇಳುತ್ತಿದ್ದಳು. ಠಕ್ಕರನ್ನು ಹಿಡಿದು ಹತ್ತಿಕ್ಕಿದ ಕಂಪನಿ ಅಧಿಕಾರಿ ಸ್ಲೀಮನ್ 1836ರಲ್ಲಿ ಅಚ್ಚು ಹಾಕಿಸಿದ ಠಕ್ಕರ ಹೇಳಿಕೆಗಳನ್ನು ಓದುವಾಗ ನನಗೆ ಮೈ ಜುಂ ಅಂದಿತು. ಹಸು ಜೊತೆಯಲ್ಲಿರುವವನನ್ನು ಕೊಲ್ಲಬಾರದು ಅನ್ನುವುದು ಅವರ ಕಟ್ಟಳೆ. ಅದನ್ನು ದಾಟುವ ಉಪಾಯವೂ ಅಲ್ಲೇ ಇದೆ. ಒಂದು ಸಲ ಪ್ರಯಾಣಿಕರ ಹತ್ತಿರವಿದ್ದ ಹಸುವನ್ನು, ದಾನ ಕೊಡುವ ಹರಕೆ ಇದೆ ಅಂತ ಹೇಳಿ ಕೊಂಡು, ಬ್ರಾಹ್ಮಣನೊಬ್ಬನಿಗೆ ಕೊಟ್ಟುಬಿಟ್ಟು, ಆಮೇಲೆ ಅವರೆಲ್ಲರ ಕತ್ತು ಬಿಗಿದರು.

ಆ ಠಕ್ಕರು ಹೇಳಿದ್ದು ಉತ್ತರ ಭಾರತದ ಮಾತು, ನಿಜ. ಆದರೂ ಎರಡರಷ್ಟು ದುಡ್ಡು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ದೊಡ್ಡಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೆಹ್ರಾಮ್ ಹೋದದ್ದು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸು ಕಪಿಲೆ ಕಣೋ, ಅದನ್ನಾದ್ರೂ ಬದಲಾಯಿಸಬೇಡ" ಅಂದರು.