ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು

ಕೇಳುಗರೇ, ನಮಸ್ಕಾರ.

2024ರ ಏಪ್ರಿಲ್ 26, ಶುಕ್ರವಾರ. ಮೈಸೂರಿನಲ್ಲಿ ಲೋಕಸಭೆಗೆ ಮತದಾನ. ನಮ್ಮ ಅತ್ತೆ ಬೆಳಗ್ಗೆ ಐದಕ್ಕೇ ಎದ್ದು ಸ್ನಾನ ಮುಗಿಸಿದ್ದರು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಓಟಿನ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡು, "ಬಿಸಿಲೇರೋ ಮುಂಚೆ ಹೋಗಿ ಬಂದುಬಿಡೋಣ" ಎಂದು ನಮ್ಮನ್ನೆಲ್ಲ ಹೊರಡಿಸಿದ್ದೂ ಅವರೇ.

ಅರ್ಧ ಗಂಟೆ ಸಾಲಿನಲ್ಲಿ ನಿಂತೆವು. ಅವರ ಸರದಿ ಬಂತು. ಮೇಜಿನ ಹಿಂದಿದ್ದ ಸಿಬ್ಬಂದಿ ಪಟ್ಟಿಯ ಹಾಳೆಗಳನ್ನು ಒಂದು ಸಲ ತಿರುವಿದರು, ಮತ್ತೊಂದು ಸಲ ತಿರುವಿದರು. "ಅಜ್ಜಿ, ನಿಮ್ಮ ಹೆಸರು ಇದರಲ್ಲಿ ಇಲ್ಲ." ಅತ್ತೆ ಕಾರ್ಡ್ ಮುಂದೆ ಹಿಡಿದು, "ಇದೆಯಲ್ಲಪ್ಪ, ಇಲ್ಲಿ ನೋಡು" ಎಂದರು. "ಕಾರ್ಡ್ ಇದ್ದರೆ ಆಗಲ್ಲ ಅಜ್ಜಿ, ಪಟ್ಟೀಲಿ ಹೆಸರಿರಬೇಕು." ಅತ್ತೆ ಮತ್ತೆ ಏನೂ ಹೇಳಲಿಲ್ಲ. ಕಾರ್ಡನ್ನು ಅದೇ ಕವರಿನಲ್ಲಿ ಸುತ್ತಿ ಒಳಗಿಟ್ಟುಕೊಂಡರು. ಮನೆಗೆ ಬರುವಾಗ ದಾರಿಯಲ್ಲಿ ಹೂವು ಮಾರುವಾಕೆ, "ಏನಮ್ಮ, ಬೆರಳು ಖಾಲಿ?" ಎಂದು ಕೇಳಿದಳು. ಅತ್ತೆ ಸೆರಗಿನೊಳಗೆ ಕೈ ಎಳೆದುಕೊಂಡರು.

ತಪ್ಪು ನಮ್ಮದೇ. ಎರಡು ವರ್ಷದ ಹಿಂದೆ ಬಾಡಿಗೆ ಮನೆ ಬದಲಾಯಿಸಿದ್ದೆವು. ನಾನೂ ಯಜಮಾನರೂ ಹೊಸ ವಿಳಾಸಕ್ಕೆ ಅರ್ಜಿ ಹಾಕಿಕೊಂಡೆವು. ಅತ್ತೆಯದನ್ನು "ಆಮೇಲೆ ಮಾಡಿದರಾಯ್ತು" ಎಂದು ಬಿಟ್ಟೆವು. ಹಳೇ ಮನೆಯಲ್ಲಿ ಅವರು ವಾಸವಿಲ್ಲ ಎಂದು ಹೆಸರು ತೆಗೆದಿದ್ದರು. ಮತದಾನದ ದಿನ ಯಾರ ಹತ್ತಿರ ಬೇಡಿಕೊಂಡರೂ ಅದನ್ನು ಸೇರಿಸಲು ಆಗುವುದಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ ಎಂದು ಕಾನೂನೇ ಇದೆ. ಅರ್ಜಿ ಹಾಕಿದ ಮೇಲೆ ವಿಚಾರಣೆಗೂ ದಿನ ಬೇಕು. ಹಾಗಾಗಿ ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.

ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. 2004ರ ವಿಧಾನಸಭೆ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು ಬಂತು. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! 2023ರ ವಿಧಾನಸಭೆ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತಿದ್ದು 16 ಓಟಿನ ಮೇಲೆ. ಹದಿನಾರು ಎಂದರೆ ನಮ್ಮ ಬೀದಿಯ ಮೂರು ಮನೆಯವರು, ಅಷ್ಟೇ.

ಹಾಗಾಗಿ ಇವತ್ತು ಒಂದು ಕೆಲಸ ಮಾಡಿ. ಮನೆಯವರ ಕಾರ್ಡುಗಳನ್ನೆಲ್ಲ ಒಂದು ಕಡೆ ಇಟ್ಟುಕೊಳ್ಳಿ. 1950ಕ್ಕೆ ಫೋನ್ ಮಾಡಿ, ಇಲ್ಲವೇ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಕಾರ್ಡಿನ ನಂಬರ್ ಹಾಕಿ ಒಬ್ಬೊಬ್ಬರದನ್ನೂ ನೋಡಿ. ಹೆಸರಿಲ್ಲದಿದ್ದರೆ, ಅಥವಾ ಮೊದಲ ಸಲ ಸೇರಿಸುವುದಾದರೆ, ನಮೂನೆ 6. ಮನೆ ಬದಲಾಗಿದ್ದರೆ, ಹೆಸರಿನಲ್ಲಿ ಕಾಗುಣಿತ ತಪ್ಪಿದ್ದರೆ, ನಮೂನೆ 8. ಫೋನಿನಲ್ಲಿ ಆಗದಿದ್ದರೆ ನಿಮ್ಮ ಬೂತಿನ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಅವರನ್ನು ಕೇಳಿ. ಎಷ್ಟೋ ಕಡೆ ಅವರು ನಿಮ್ಮ ಊರಿನ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆ. ದೂರದವರಲ್ಲ.

ಮನೆಯಲ್ಲಿ ಹದಿನೇಳು ತುಂಬಿದ ಮಕ್ಕಳಿದ್ದಾರಾ? ಮೊದಲೆಲ್ಲ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಒಂದು ದಿನ ತಡವಾಗಿ ಹುಟ್ಟಿದವರೂ ವರ್ಷ ಕಾಯಬೇಕಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. ಹದಿನೇಳಕ್ಕೇ ಮುಂಗಡವಾಗಿ ಅರ್ಜಿ ಕೊಡಬಹುದು. ಪಿಯುಸಿ ಅಂಕಪಟ್ಟಿ ಹಿಡಿದು ಕಾಲೇಜುಗಳಿಗೆ ಓಡಾಡುವಾಗಲೇ ಇದನ್ನೂ ಮುಗಿಸಿಬಿಡಿ.

ಇನ್ನು ಹೋಗುವ ಹೊತ್ತು. ನಮ್ಮಲ್ಲಿ ಚುನಾವಣೆ ಬರುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಿನಲ್ಲಿ. ಹತ್ತು ಗಂಟೆಗೇ ನೆತ್ತಿ ಸುಡುತ್ತದೆ. ಮತದಾನ ಶುರುವಾಗುವುದು ಸಾಮಾನ್ಯವಾಗಿ ಬೆಳಗ್ಗೆ ಏಳಕ್ಕೆ. ಅದಕ್ಕೂ ಒಂದೂವರೆ ಗಂಟೆ ಮುಂಚೆ ಸಿಬ್ಬಂದಿ ಎದ್ದು, ಅಭ್ಯರ್ಥಿಗಳ ಏಜೆಂಟರ ಮುಂದೆ ಅಣಕು ಮತದಾನ ಮಾಡಿ ಯಂತ್ರ ಪರೀಕ್ಷೆ ಮಾಡಿರುತ್ತಾರೆ. ನಾವೂ ಏಳಕ್ಕೇ ಹೋಗೋಣ. ಏನಾದರೂ ಎಡವಟ್ಟಾದರೆ ಸರಿಮಾಡಿಕೊಳ್ಳಲು ಇಡೀ ದಿನ ಇರುತ್ತದೆ. ಸಂಜೆ ತಡವಾದರೂ ಭಯ ಬೇಡ. ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಚೀಟಿ ಕೊಟ್ಟು ಓಟು ಹಾಕಿಸುತ್ತಾರೆ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ಕೊಟ್ಟರೆ ಎಂಬತ್ತೈದು ದಾಟಿದ ಹಿರಿಯರ ಓಟನ್ನು ಮತದಾನದ ದಿನಕ್ಕೂ ಮುಂಚೆ ಮನೆಗೇ ಬಂದು ಹಾಕಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ಅಜ್ಜ ಅಜ್ಜಿ ಇರುವವರು ದಯವಿಟ್ಟು ಇದನ್ನು ಮರೆಯಬೇಡಿ.

ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. ಆ ಶುಕ್ರವಾರದ ಮತದಾನದ ಜೊತೆಗೆ ಶನಿವಾರ, ಭಾನುವಾರವೂ ಸೇರಿತ್ತು. ಮಂಡ್ಯದಲ್ಲಿ ನೂರಕ್ಕೆ 81ಕ್ಕೂ ಜಾಸ್ತಿ ಜನ ಓಟು ಹಾಕಿದ ದಿನ, ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ 55ನ್ನೂ ಮುಟ್ಟಲಿಲ್ಲ. ಏಳಕ್ಕೆ ಓಟು ಹಾಕಿ ಎಂಟಕ್ಕೆ ಪ್ರವಾಸ ಹೊರಟರೂ ಮಧ್ಯಾಹ್ನದ ಊಟದ ಹೊತ್ತಿಗೆ ಮಡಿಕೇರಿ ಸೇರಬಹುದು, ಅಲ್ವಾ? ಗೆಳೆಯರ ಗುಂಪಿನಲ್ಲಿ ಸುಮ್ನೆ ಪೋಸ್ಟರ್ ಹಾಕಬೇಡಿ. ಒಬ್ಬರಿಗೆ ಫೋನ್ ಮಾಡಿ, "ನಿನ್ನ ಹೆಸರು ನೋಡ್ಕೊಂಡ್ಯಾ? ಬೆಳಗ್ಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎನ್ನಿ. ಪೋಸ್ಟರ್ ನೋಡಿ ಮುಂದೆ ಹೋಗುವವರು, ಹೀಗೆ ಕರೆದರೆ ಬಂದೇ ಬರುತ್ತಾರೆ.

ಆ ಚುನಾವಣೆ ಮುಗಿದ ತಿಂಗಳಲ್ಲೇ ಅತ್ತೆಯ ನಮೂನೆ 6 ಕೊಟ್ಟೆವು. ಬಿಎಲ್‌ಒ ಮನೆಗೆ ಬಂದರು. ಅತ್ತೆ ಅವರನ್ನು ಕೂರಿಸಿ, ಕಾಫಿ ಕೊಟ್ಟು, "ಈ ಸಲ ಬಿಟ್ಟುಹೋಗಲ್ಲ ತಾನೇ?" ಎಂದು ಎರಡು ಸಲ ಕೇಳಿದರು. ಓಟಿನ ಶಾಯಿ 1962ರಿಂದಲೂ ತಯಾರಾಗುವುದು ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ. ಅದನ್ನು ಹಚ್ಚಿಸಿಕೊಳ್ಳದೆ ಮನೆಗೆ ಬಂದ ಆ ದಿನವನ್ನು ಅವರು ಈಗಲೂ ಮರೆತಿಲ್ಲ. ಹೆಸರು ಸೇರಿತು ಎಂದು ಮೆಸೇಜ್ ಬಂದಾಗ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ನನ್ನಿಂದ ಓದಿಸಿಕೊಂಡರು. ಅಡುಗೆಮನೆ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ವರ್ಷ ಮುಗಿದು ಹೊಸ ಕ್ಯಾಲೆಂಡರ್ ಬಂದಾಗ, ಎಲ್ಲಕ್ಕಿಂತ ಮೊದಲು ಅದರ ಮೇಲೆ ಬರೆದಿದ್ದು ಆ ಎರಡು ಸಂಖ್ಯೆಗಳನ್ನೇ.

ನಮಸ್ಕಾರ.