ಸಿನಿಮಾ ಓದೋಕೆ ಕಾಲೇಜು ಬೇಕಾ? ಗೋಳಗುಮ್ಮಟವನ್ನೇ ಕೇಳೋಣ

(ಹಳೆಯ ಕ್ಲಿಪ್. ಗೋಳಗುಮ್ಮಟದ ಒಳಗೆ ನಿಂತು ಮಾತಾಡುತ್ತಿದ್ದೇನೆ. ಒಂದು ಮಾತೂ ಬಿಡಿಸಿ ಕೇಳುತ್ತಿಲ್ಲ.)

ನಾನು ಏನು ಹೇಳಿದೆ, ಗೊತ್ತಾಯಿತಾ? ಇಲ್ಲ ಅಲ್ವಾ. ನನಗೂ ಗೊತ್ತಾಗಲಿಲ್ಲ. ಇದು ನಾನು ತೆಗೆದ ಮೊದಲ ವಿಡಿಯೋ. ಇಡೀ ದಿನ ಶೂಟ್ ಮಾಡಿ, ಮನೆಗೆ ಬಂದು ಕೇಳಿ, ಸುಮ್ನೆ ಮಲಗಿಬಿಟ್ಟೆ. ಇವತ್ತಿನವರೆಗೂ ಅಪ್‌ಲೋಡ್ ಆಗಿಲ್ಲ.

ಈಗ ಅದು ಯಾಕೆ ನೆನಪಾಯಿತು ಅಂದರೆ, ಇಂಡಿ ಕಡೆಯ ಒಬ್ಬ ಪಿಯುಸಿ ಹುಡುಗ ಕೇಳಿದ್ದಾನೆ: "ಅಣ್ಣಾ, ಶೂಟ್ ಮಾಡೂದು ಮೊಬೈಲ್‌ನಾಗ, ಎಡಿಟ್ ಮಾಡೂದೂ ಮೊಬೈಲ್‌ನಾಗ. ಮತ್ತ ಸಿನಿಮಾ ಕಲ್ಯಾಕ ಕಾಲೇಜ್ ಯಾಕ್ ಬೇಕು? ಅಪ್ಪಗ ಏನಂತ ಹೇಳ್ಲಿ?"

ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಎರಡೇ ಮಾತು. ಸಿನಿಮಾ ಶಾಲೆಯಲ್ಲಿ ಮುಖ್ಯವಾಗಿ ನಾಲ್ಕು ದಾರಿ: ಡೈರೆಕ್ಷನ್, ಕ್ಯಾಮೆರಾ, ಎಡಿಟಿಂಗ್, ಸೌಂಡ್. ಟಿವಿ ಕಡೆ ಹೋದರೆ ಮೂರು ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುತ್ತಿರುತ್ತವೆ, ಯಾವ ಕ್ಯಾಮೆರಾದ ಚಿತ್ರ ಹೋಗಬೇಕು ಅಂತ ಆ ಕ್ಷಣದಲ್ಲೇ ನಿರ್ಧಾರ ಆಗಬೇಕು. ಸಾಕು, ಗುಮ್ಮಟಕ್ಕೆ ಹೋಗೋಣ.

(ಕಿರಿದಾದ ಮೆಟ್ಟಿಲು. ಏದುಸಿರು.)

ಇದು ಮೇಲಿನ ಪಿಸುಗುಟ್ಟುವ ಗ್ಯಾಲರಿ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಾನು ಇಲ್ಲಿ ಗೋಡೆಗೆ ಒರಗಿ ಚಪ್ಪಾಳೆ ಹೊಡೆದರೆ ಶಬ್ದ ಎದುರು ಗೋಡೆಗೆ ಹೋಗಿ ಬರಬೇಕು, ಅಂದರೆ 76 ಮೀಟರ್. ಲೆಕ್ಕ ಹಾಕಿ. 0.22 ಸೆಕೆಂಡ್.

(ಚಪ್ಪಾಳೆ. ಮತ್ತೆ ಮತ್ತೆ ಅದೇ ಚಪ್ಪಾಳೆ.)

ಒಂದು ಚಪ್ಪಾಳೆ ಎಷ್ಟು ಸಲ ವಾಪಸ್ ಬರುತ್ತದೆ? ಒಬ್ಬರು ಏಳು ಸಲ ಅಂತಾರೆ, ಇನ್ನೊಬ್ಬರು ಹತ್ತು ಅಂತಾರೆ. ಎಣಿಸೋಣ ಅಂತ ನಾಲ್ಕನೇ ಸಲ ಹೊಡೆದಾಗ ಪಕ್ಕದಲ್ಲಿ ನಿಂತಿದ್ದ ಕಾಕಾ ಒಬ್ಬರು, "ಏ ತಮ್ಮಾ, ಇನ್ನೂ ಎಷ್ಟ್ ಹೊಡೀತಿಯೋ, ಸಾಕು ಮಾಡು" ಅಂದರು. ಅವರ "ಸಾಕು ಮಾಡು" ಕೂಡ ಹೋಗಿ ಬಂತು.

ಈಗ ಮಜಾ ನೋಡಿ. 0.22 ಸೆಕೆಂಡ್ ಅಂದರೆ ಎಷ್ಟು ಹೊತ್ತು? ನಾವು ಮಾಮೂಲಾಗಿ ಮಾತಾಡುವಾಗ ಒಂದು ಅಕ್ಷರಕ್ಕೆ ಹಿಡಿಯುವಷ್ಟು, ಹೆಚ್ಚುಕಡಿಮೆ. "ಬಾರೋ" ಅಂತ ಕರೆಯುತ್ತೀರಿ. ನಿಮ್ಮ ಬಾಯಿಂದ "ರೋ" ಹೊರಡುವಾಗ, ಆಗಲೇ ಹೋಗಿದ್ದ "ಬಾ" ವಾಪಸ್ ಬಂದು ಅದರ ಮೇಲೆ ಕೂರುತ್ತದೆ. ನನ್ನ ವಿಡಿಯೋದಲ್ಲಿ ಆದದ್ದು ಇದೇ. ಪ್ರತಿ ಅಕ್ಷರದ ಮೇಲೂ ಹಿಂದಿನ ಅಕ್ಷರ ಸವಾರಿ ಮಾಡುತ್ತಿತ್ತು. ಎದುರಿಗೆ ನಿಂತಿದ್ದ ಗೆಳೆಯನಿಗೆ ಮಾತು ಸುಮಾರಾಗಿ ತಿಳಿದಿತ್ತು, ಯಾಕೆಂದರೆ ನಮ್ಮ ಕಿವಿ, ತಲೆ ಎರಡೂ ಸೇರಿ ಬೇಡದ್ದನ್ನು ಬದಿಗೆ ಸರಿಸುತ್ತವೆ. ಮೈಕಿಗೆ ಆ ಬುದ್ಧಿ ಇಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಆ 0.22 ಸೆಕೆಂಡ್ ಅಂದರೆ ಸುಮಾರು ಐದು ಫ್ರೇಮ್. ಕ್ಲಾಪ್ ಬೋರ್ಡ್ ನೋಡಿದ್ದೀರಲ್ಲ? ಅದು ಸ್ಟೈಲಿಗೆ ಅಲ್ಲ. ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ ದಾಖಲಾಗುತ್ತದೆ. ಹಲಗೆ ಬಡಿದ ಫ್ರೇಮು, "ಟಪ್" ಅನ್ನುವ ಶಬ್ದ, ಇವೆರಡನ್ನು ಎಡಿಟಿಂಗ್‌ನಲ್ಲಿ ಒಂದರ ಕೆಳಗೊಂದು ಇಟ್ಟು ಜೋಡಿಸುತ್ತಾರೆ. ಗುಮ್ಮಟದಲ್ಲಿ ಐದೈದು ಫ್ರೇಮಿಗೊಂದು ಟಪ್!

ಹಾಗಾದರೆ ಇಲ್ಲಿ ಸೀನ್ ತೆಗೆಯುವುದು ಹೇಗೆ? ಮೈಕನ್ನು ಬಾಯಿಗೆ ಆದಷ್ಟು ಹತ್ತಿರ ತರಬೇಕು. ಇಲ್ಲವಾದರೆ ಮಾತನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಬೇಕು. ಆಗ ಗುಮ್ಮಟದ ಪ್ರತಿಧ್ವನಿಯನ್ನು ಬೇರೆಯಾಗಿ ಹಿಡಿದು, ಉಪ್ಪು ಹಾಕಿದ ಹಾಗೆ ಬೇಕಾದಷ್ಟೇ ಬೆರೆಸಬೇಕು. ಒಂದು ಜಾಗದ ಪ್ರತಿಧ್ವನಿ ಹಿಡಿಯೋಕೆ ಸೌಂಡ್‌ನವರು ಬಲೂನ್ ಒಡೆಯುವುದೂ ಉಂಟು. ದಯವಿಟ್ಟು ನೀವು ಇಲ್ಲಿ ಬಂದು ಒಡೀಬೇಡಿ, ಸಿಳ್ಳೆ ಹೊಡೆಯುವವರೇ ಸಾಕಷ್ಟಿದ್ದಾರೆ.

ಇದು ನನಗೆ ಮೊದಲೇ ಗೊತ್ತಿದ್ದರೆ ಒಂದು ದಿನ ಉಳಿಯುತ್ತಿತ್ತು. ಮೊಬೈಲ್ ಎಲ್ಲವನ್ನೂ ರೆಕಾರ್ಡ್ ಮಾಡಿಕೊಟ್ಟಿತು, ಏನು ತಪ್ಪಾಯಿತು ಅಂತ ಮಾತ್ರ ಹೇಳಲಿಲ್ಲ. ಕಾಲೇಜಿನಲ್ಲಾದರೆ ಪಕ್ಕದಲ್ಲಿ ಕೂತು ಹೇಳುವವರು ಇರುತ್ತಾರೆ, ಜೊತೆಗೆ ಹತ್ತು ಸಲ ಕೆಡಿಸೋಕೆ ಅವಕಾಶ ಇರುತ್ತದೆ. ಸೌಂಡ್‌ಗೆ 2009ರಲ್ಲಿ ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಫಿಸಿಕ್ಸ್‌ನಲ್ಲಿ ಡಿಗ್ರಿ ಮಾಡಿ, ಆಮೇಲೆ ಪುಣೆಯಲ್ಲಿರುವ ಕೇಂದ್ರ ಸರ್ಕಾರದ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಸೌಂಡ್ ಓದಿದವರು. ಪಿಯುಸಿ ಸೈನ್ಸ್ ಹುಡುಗರೇ, ಕೇಳಿಸಿತಾ?

(ಎಡಿಟರ್ ಕ್ಯಾಮೆರಾ ಹಿಂದಿನಿಂದ ಗಡಿಯಾರ ತೋರಿಸುತ್ತಿದ್ದಾನೆ.)

ಆಯ್ತು ಮಾರಾಯ, ಬೇಗ ಮುಗಿಸುತ್ತೇನೆ. ಎಡಿಟಿಂಗ್ ಬಗ್ಗೆ ಒಂದೇ ಸಂಗತಿ. 1919ರಲ್ಲಿ ಮಾಸ್ಕೋದಲ್ಲಿ ಜಗತ್ತಿನ ಮೊದಲ ಸಿನಿಮಾ ಶಾಲೆ ಶುರುವಾಯಿತು. ಆಗ ಅಲ್ಲಿ ಕಚ್ಚಾ ಫಿಲ್ಮಿಗೇ ಬರ. ಹುಡುಗರು ಬೇರೆಯವರ ಹಳೆಯ ಸಿನಿಮಾಗಳನ್ನು ಕತ್ತರಿಸಿ, ಮತ್ತೆ ಅಂಟಿಸಿ ಕಲಿತರು. ನೀವು ನಿಮ್ಮ ಅಕ್ಕನ ಮದುವೆ ವಿಡಿಯೋ ತಗೊಂಡು ಒಂದು ಸಲ ನಗು ಬರುವ ಹಾಗೆ, ಒಂದು ಸಲ ಅಳು ಬರುವ ಹಾಗೆ ಕತ್ತರಿಸಿ ನೋಡಿ. ಅಕ್ಕನಿಗೆ ತೋರಿಸಬೇಡಿ.

ಇನ್ನು ಅಪ್ಪನಿಗೆ ಏನು ಹೇಳೋದು ಅಂತ. ಎಫ್‌ಟಿಐಐ 1960ರಲ್ಲಿ, ಪ್ರಭಾತ್ ಅನ್ನುವ ಹಳೆಯ ಸಿನಿಮಾ ಕಂಪನಿಯ ಪುಣೆ ಸ್ಟುಡಿಯೋದ ಜಾಗದಲ್ಲಿ ಶುರುವಾದದ್ದು. ಆ ಪ್ರಭಾತ್ ಕಂಪನಿ ಹುಟ್ಟಿದ್ದು ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದಲ್ಲಿ, ಹಾಗಾಗಿ ಎಫ್‌ಟಿಐಐಯನ್ನು ಪರವೂರಿನದು ಅಂತ ಅನ್ನಬೇಡಿ. ಅಲ್ಲಿಗೆ ಪ್ರವೇಶ ಪರೀಕ್ಷೆ ಇದೆ. ಕೋಲ್ಕತ್ತಾದಲ್ಲಿ ಸತ್ಯಜಿತ್ ರೇ ಹೆಸರಿನ ಸಂಸ್ಥೆ ಇದೆ. ಹೆಸರಘಟ್ಟದಲ್ಲಿ ನಮ್ಮ ಸರ್ಕಾರದ್ದೇ ಡಿಪ್ಲೊಮಾ ಇದೆ. ಅದರ ಬೇರು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ. ಹಿಂದಿಯ ಗುರುದತ್ ಸಿನಿಮಾಗಳ ಬೆಳಕಿಗೆ ಹೆಸರಾದ ಕ್ಯಾಮೆರಾಮನ್, ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಓದಿದವರು, ಕೊನೆಗೆ ಫಾಲ್ಕೆ ಪ್ರಶಸ್ತಿಯೂ ಬಂತು. "ಸರ್ಕಾರಿ", "ಡಿಪ್ಲೊಮಾ", ಈ ಎರಡು ಶಬ್ದ ಮೊದಲು ಹೇಳು ತಮ್ಮಾ, "ಸಿನಿಮಾ" ಕೊನೆಗೆ ಹೇಳು. ಊರು ಬಿಡಲಾಗದ ಹೆಣ್ಣುಮಕ್ಕಳಿಗೆ ಇಲ್ಲೇ ವಿಜಯಪುರದ ಪಕ್ಕದ ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಇದೆ. ಅದು ಪೂರ್ತಿ ಸಿನಿಮಾ ಅಲ್ಲ, ಆದರೆ ಒಳ್ಳೆಯ ಬಾಗಿಲು.

ಹೋಗುವ ಮುಂಚೆ, ಸೌಂಡ್‌ನವರು ಪ್ರತಿ ಜಾಗದಲ್ಲೂ ಮಾಡುವ ಒಂದು ಕೆಲಸ ಇದೆ. ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಮೌನವನ್ನು ರೆಕಾರ್ಡ್ ಮಾಡುತ್ತಾರೆ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಸಂದು ತುಂಬೋಕೆ ಅದೇ ಬೇಕು. ನಾವೂ ಮಾಡೋಣ. ಕಾಕಾ, ಅರ್ಧ ನಿಮಿಷ ಹಂಗ ನಿಂದರ್ರಿ.

(ಮೌನ. ಪಾರಿವಾಳದ ರೆಕ್ಕೆ. ಹನ್ನೊಂದನೇ ಸೆಕೆಂಡಿಗೆ ಕೆಳಗಿನಿಂದ ಒಂದು ಸಿಳ್ಳೆ. ಮತ್ತೆ ಅದೇ ಸಿಳ್ಳೆ. ಮತ್ತೆ.)