ಕೆರೆಯೇ ಉರಿದ ಊರಿನಲ್ಲಿ

ಕೇಳುಗರಿಗೆ ನಮಸ್ಕಾರ. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಂಗಳಕ್ಕೆ ಬೆಂಕಿ ಬಿದ್ದಾಗ, ಅಗ್ನಿಶಾಮಕ ಸಿಬ್ಬಂದಿಯ ಜೊತೆಗೆ ಸೇನೆಯ ಯೋಧರೂ ಇಳಿದು, ಒಣಗಿ ನಿಂತ ಹುಲ್ಲು ಜೊಂಡಿನ ನಡುವೆ ಗಂಟೆಗಟ್ಟಲೆ ಹೆಣಗಬೇಕಾಯಿತು. ಅದಕ್ಕೂ ಮೂರು ವರ್ಷ ಮುಂಚೆ ಅದೇ ಕೆರೆಯ ನೊರೆ ಹೊತ್ತಿ ಉರಿದಿತ್ತು. ಬೆಂಕಿ ಆರಿಸಲು ಒದಗಬೇಕಾದ ಕೆರೆಯೇ ಉರಿಯುವಷ್ಟು ಕೊಳಚೆಯನ್ನು ನಾವು ಅದಕ್ಕೆ ಹರಿಸಿದ್ದೆವು.

ನಿಸರ್ಗದ ವಿಕೋಪ, ಮನುಷ್ಯನ ತಪ್ಪು ಎಂದು ಅಪಾಯಗಳನ್ನು ಬೇರೆಬೇರೆಯಾಗಿ ಎಣಿಸುವುದು ರೂಢಿ. ಈ ಊರಿನಲ್ಲಿ ಆ ಗೆರೆ ನಿಲ್ಲುವುದಿಲ್ಲ. ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ತಗ್ಗಿನ ಮುಂದಿನ ಕೆರೆಯನ್ನು ಸೇರುವಂತೆ ಹಿರಿಯರು ಕಟ್ಟಿದ ಸರಪಳಿಯ ಮೇಲೆ ಮನೆಗಳು ಎದ್ದಮೇಲೆ, 2022ರ ಸೆಪ್ಟೆಂಬರಿನ ಮಳೆಗೆ ಯಮಲೂರಿನಂತಹ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಮಳೆ ಆಕಾಶದ್ದು, ಅದರ ದಾರಿ ಕಟ್ಟಿದವರು ನಾವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಹೊಗೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಹಾಯುವ ಕಿರುಕೋಣೆಯಲ್ಲಿ ಹೊತ್ತಿಕೊಂಡ ಬೆಂಕಿ ದೊಡ್ಡ ಜ್ವಾಲೆಯಾಗಿ ಹಬ್ಬಲಿಲ್ಲ, ಹೊಗೆ ಮಾತ್ರ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿದವರೂ, ದಿಕ್ಕು ತೋಚದೆ ಕಿಟಕಿಯಿಂದ ಹಾರಿದವರೂ ಸೇರಿ ಒಂಬತ್ತು ಮಂದಿ ತೀರಿಕೊಂಡರು. ಬಿಸಿ ಹೊಗೆ ಮೇಲಕ್ಕೇರುತ್ತದೆ. ಬಾಗಿಲು ತೆರೆದಿಟ್ಟ ಮೆಟ್ಟಿಲಸಾಲು ಅಡುಗೆಮನೆಯ ಹೊಗೆಗೂಡಿನಂತೆ ಅದನ್ನು ಸೆಳೆದುಕೊಳ್ಳುತ್ತದೆ. ಅದರಲ್ಲಿ ಬೆರೆತ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಹಿಡಿದ ಒದ್ದೆ ಬಟ್ಟೆ ಅದನ್ನು ತಡೆಯುವುದೂ ಇಲ್ಲ. ಆದ್ದರಿಂದಲೇ ಅಗ್ನಿಶಾಮಕ ದಳದವರು ನೆಲಕ್ಕೆ ಬಾಗಿ ಸಾಗಿರಿ, ಹೊರಬಂದ ಕೋಣೆಯ ಬಾಗಿಲನ್ನು ಮುಚ್ಚಿರಿ, ಲಿಫ್ಟ್ ಹತ್ತಬೇಡಿರಿ ಎಂದು ಹೇಳುತ್ತಾರೆ.

90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನ ನಮ್ಮ ದಳದಲ್ಲಿ ಇಂದು ಇದೆ. ಅಷ್ಟು ಭಾರದ ವಾಹನ ತಿರುಗಿ ನಿಂತು ಕಾಲೂರಲು ಗಟ್ಟಿಯಾದ, ಬಯಲಾದ ಜಾಗ ಬೇಕು, ಚಿಕ್ಕಪೇಟೆಯ ಓಣಿಗಳಲ್ಲಿ ಅದು ಎಲ್ಲಿದೆ? ಅಲ್ಲಿ ಸಿಬ್ಬಂದಿ ನೀರಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಓಡಬೇಕು, ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲ ಮೇಲೆ ಚಪ್ಪಲಿ ಗೂಡು, ಹಳೆಯ ಸೈಕಲ್ಲು, ಖಾಲಿ ಸಿಲಿಂಡರು ಇದ್ದರೆ, ದಟ್ಟ ಹೊಗೆಯಲ್ಲಿ ಕೈಯಿಂದ ತಡವುತ್ತ ಅವನ್ನೆಲ್ಲ ಸರಿಸಿಯೇ ಅವರು ಮೇಲೆ ಬರಬೇಕು. ಈ ಸಂಜೆ ನಿಮ್ಮ ಮನೆಯ ಮೆಟ್ಟಿಲನ್ನು ಒಮ್ಮೆ ನೋಡಿ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.